ಕ್ಯಾನ್ಸರ್ ರೋಗವೂ ಬೆಳಕಿನ ಉಪಯೋಗವೂ

(ಗ್ರಾಮಸೇವಕರೊಬ್ಬರ ಲೇಖನ)



ಹೋದ ಬೇಸಗೆಯಲ್ಲಿ ನನ್ನ ವಲಯದ ಒಂದು ಹಳ್ಳಿಯಲ್ಲಿ ಮೇವಿಗೆ ಬಹಳ ತೊಂದರೆಯಾಗಿತ್ತು. ಹಸಿರು ಎಂಬುದು ಕಾಣುತ್ತಿದ್ದುದು ಬೇಲಿಯ ಲಂಟಾನ ಗಿಡದಲ್ಲಿ ಮಾತ್ರ. ಒಬ್ಬ ರೈತರ ಕಪ್ಪು ಬಿಳುಪಿನ ಹಸು ಹಸಿವು ತಾಳಲಾರದೆ ಅದನ್ನೇ ತಿಂದಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದರ ಮೈಮೇಲೆ ಅಲ್ಲಲ್ಲಿ ಚರ್ಮ ಸುಟ್ಟಂತಾಗಿ ಸಿಪ್ಪೆ ಎದ್ದಿತು. ಅವರು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, "ಗ್ರಾಮಸೇವಕರೇ, ಯಾರೋ ಹೊಟ್ಟೆಕಿಚ್ಚಿಗೆ ಕುದಿಯೋ ನೀರು ಎರಚಿದ್ದಾರೆ ನೋಡಿ" ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ಸಿಪ್ಪೆ ಎದ್ದುದು ಬಿಳಿಯ ಚರ್ಮದಲ್ಲಿ ಮಾತ್ರ. ಅದಕ್ಕೆ ತಾಗಿದಂತೆಯೇ ಇದ್ದ ಕಪ್ಪು ಚರ್ಮಕ್ಕೆ ಏನೂ ಆಗಿರಲಿಲ್ಲ. ಕುದಿಯುವ ನೀರಿಗೆ ಕಪ್ಪು ಬಿಳುಪಿನ ಭೇದ ಗೊತ್ತಿರುತ್ತದೆಯೇ? ಪಶುವೈದ್ಯರು ಬಂದು ನೋಡಿ ಮೊದಲು ಹೇಳಿದ ಮಾತು, "ಹಸುವನ್ನು ಬಿಸಿಲಿಗೆ ಬಿಡಬೇಡಿ, ಕತ್ತಲ ಕೊಟ್ಟಿಗೆಯಲ್ಲಿ ಕಟ್ಟಿ" ಎಂಬುದು. ಸುಟ್ಟದ್ದು ನೀರಲ್ಲ, ಬೆಳಕು.

ಈ ಹಸುವಿನ ಕಥೆಗೂ ಕ್ಯಾನ್ಸರ್ ರೋಗಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಹಸುವಿನ ಚರ್ಮವನ್ನು ಸುಟ್ಟ ಕ್ರಮವನ್ನೇ ವೈದ್ಯರು ಹತೋಟಿಗೆ ತಂದುಕೊಂಡು, ಕೆಲವು ಬಗೆಯ ಕ್ಯಾನ್ಸರನ್ನು ಸುಡಲು ಉಪಯೋಗಿಸುತ್ತಿದ್ದಾರೆ. ಬೆಳಕಿನಿಂದಲೇ ರೋಗವನ್ನು ಪತ್ತೆ ಮಾಡುವ ಉಪಾಯಗಳೂ ಬಂದಿವೆ. ಅವು ಯಾವುವು, ಅವುಗಳ ಶಕ್ತಿಯೆಷ್ಟು, ಮಿತಿಯೆಷ್ಟು, ಅದರಿಂದ ಹಳ್ಳಿಯಲ್ಲಿರುವ ನಮಗೆ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇನೆ.

ಹಸುವಿನ ಮೈಯಲ್ಲಿ ನಡೆದದ್ದೇನು?

ಎಲೆಗೆ ಹಸಿರು ಬಣ್ಣ ಕೊಡುವ ವಸ್ತುವಿಗೆ ಪತ್ರಹರಿತ್ತು ಎಂದು ಹೆಸರು. ಬಿಸಿಲನ್ನು ಹಿಡಿದು ಗಿಡಕ್ಕೆ ಆಹಾರ ತಯಾರಿಸಿಕೊಡುವುದು ಇದರ ಕೆಲಸ. ದನ ಮೇವು ತಿಂದಾಗ ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಪತ್ರಹರಿತ್ತನ್ನು ಒಡೆಯುತ್ತವೆ. ಆಗ ಹುಟ್ಟುವ ಒಂದು ವಸ್ತು ಬೆಳಕನ್ನು ಹೀರುವ ಗುಣವನ್ನು ಬಿಡುವುದಿಲ್ಲ. ಆರೋಗ್ಯವಾಗಿರುವ ದನದಲ್ಲಿ ಪಿತ್ತಜನಕಾಂಗವು ಈ ವಸ್ತುವನ್ನು ಪಿತ್ತರಸದೊಡನೆ ಹೊರಕ್ಕೆ ಸಾಗಿಸಿಬಿಡುತ್ತದೆ.

ಲಂಟಾನದ ವಿಷ ಪಿತ್ತಜನಕಾಂಗವನ್ನು ಕೆಡಿಸಿ ಪಿತ್ತರಸದ ಹರಿವನ್ನು ತಡೆಯುತ್ತದೆ. ಹೊರಗೆ ಹೋಗಬೇಕಾದ ವಸ್ತು ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದೊಡನೆ ಬೆಳಕಿನ ಶಕ್ತಿಯನ್ನು ಹೀರಿ, ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಸುತ್ತಲಿನ ಜೀವಕೋಶಗಳನ್ನು ಸುಡುತ್ತದೆ. ಕಪ್ಪು ಚರ್ಮದಲ್ಲಿರುವ ಬಣ್ಣ ಬೆಳಕನ್ನು ತಡೆಯುವುದರಿಂದ ಅಲ್ಲಿ ಅಪಾಯ ಕಡಿಮೆ.

ಇಲ್ಲಿ ಮೂರು ವಸ್ತುಗಳು ಕೂಡಿದುವು: ಬೆಳಕನ್ನು ಹೀರುವ ವಸ್ತು, ಬೆಳಕು, ಆಮ್ಲಜನಕ. ಮೂರರಲ್ಲಿ ಒಂದು ಇಲ್ಲದಿದ್ದರೂ ಸುಡುವ ಕೆಲಸ ನಡೆಯದು. ಹಸುವನ್ನು ನೆರಳಿಗೆ ಕಟ್ಟಿಸಿದಾಗ ಪಶುವೈದ್ಯರು ಬೆಳಕೆಂಬ ಒಂದನ್ನು ತೆಗೆದುಹಾಕಿದರು. ಜೊತೆಗೆ ವಿಷಕ್ಕೆ ಬೇರೆ ಔಷಧಿ ಕೊಟ್ಟರು. ಹಸು ಉಳಿಯಿತು.

ವೈದ್ಯರು ಇದನ್ನು ಕಂಡುಕೊಂಡ ಬಗೆ

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳ ಮೇಲೆ ಒಂದು ಬಣ್ಣದ ಪರಿಣಾಮವನ್ನು ಪರೀಕ್ಷಿಸುತ್ತಿದ್ದನು. ಬಣ್ಣ ಒಂದೇ, ಪ್ರಮಾಣವೂ ಒಂದೇ. ಆದರೂ ಬೆಳಕಿನಲ್ಲಿಟ್ಟ ಜೀವಿಗಳು ಬೇಗ ಸತ್ತುವು, ಕತ್ತಲಲ್ಲಿಟ್ಟವು ಬದುಕಿದುವು. ಇದನ್ನು ಅವನು ೧೯೦೦ರಲ್ಲಿ ಪ್ರಕಟಿಸಿದನು. ಅವನ ಗುರು ಟಾಪೈನರ್ ಎಂಬವರು, ಈ ಕ್ರಿಯೆಗೆ ಬೆಳಕು ಮತ್ತು ಬಣ್ಣ ಮಾತ್ರ ಸಾಲದು, ಆಮ್ಲಜನಕವೂ ಬೇಕು ಎಂದು ತೋರಿಸಿದರು.

ರಕ್ತದ ಕೆಂಪು ವಸ್ತುವಿನಿಂದ ತಯಾರಿಸಿದ ಒಂದು ಬಣ್ಣಕ್ಕೂ ಈ ಗುಣವಿದೆಯೇ ಎಂದು ನೋಡಲು ೧೯೧೨ರಲ್ಲಿ ಮೇಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯರು ೨೦೦ ಮಿಲಿಗ್ರಾಂನಷ್ಟನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಬಿಸಿಲಿಗೆ ಹೋದೊಡನೆ ಅವರ ಮುಖವೂ ಕೈಗಳೂ ಊದಿಕೊಂಡುವು. ನಮ್ಮ ಲಂಟಾನದ ಹಸುವಿಗೆ ಆದದ್ದೇ ಆ ವೈದ್ಯರಿಗೂ ಆಯಿತು.

ಇದನ್ನು ಕ್ಯಾನ್ಸರಿನ ಮೇಲೆ ಕ್ರಮವಾಗಿ ಪ್ರಯೋಗಿಸಿದವರಲ್ಲಿ ಮುಖ್ಯರು ಅಮೆರಿಕದ ಬಫಲೊ ನಗರದ ಥಾಮಸ್ ಡೌಹರ್ಟಿ. ೧೯೭೮ರಲ್ಲಿ ಅವರೂ ಅವರ ಸಂಗಡಿಗರೂ ೨೫ ಮಂದಿ ರೋಗಿಗಳ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. ಅವರ ಚರ್ಮದಲ್ಲಿದ್ದ ೧೧೩ ಗಂಟುಗಳ ಪೈಕಿ ೧೧೧ ಪೂರ್ತಿಯಾಗಿಯೋ ಭಾಗಶಃವೋ ಕರಗಿದ್ದವು. ಇಂಥ ಮದ್ದುಗಳಲ್ಲಿ ಒಂದಾದ ಫೋಟೊಫ್ರಿನ್‌ಗೆ ೧೯೯೩ರಲ್ಲಿ ಕೆನಡಾ ದೇಶವು ಮೂತ್ರಕೋಶದ ಕ್ಯಾನ್ಸರಿಗಾಗಿ ಒಪ್ಪಿಗೆ ಕೊಟ್ಟಿತು. ೧೯೯೫ರಲ್ಲಿ ಅಮೆರಿಕವು ಅನ್ನನಾಳದ ಕ್ಯಾನ್ಸರಿಗಾಗಿ ಒಪ್ಪಿಗೆ ಕೊಟ್ಟಿತು.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಬೆಳಕನ್ನು ಹೀರುವ ಈ ಔಷಧಿಯನ್ನು ನಾವು ಸುಲಭಕ್ಕಾಗಿ 'ಬೆಳಕಿನ ಮದ್ದು' ಎಂದು ಕರೆಯೋಣ. ವೈದ್ಯರು ಈ ಚಿಕಿತ್ಸೆಯನ್ನು ಫೋಟೊಡೈನಾಮಿಕ್ ಚಿಕಿತ್ಸೆ ಎನ್ನುತ್ತಾರೆ. ಮೊದಲು ಮದ್ದನ್ನು ರಕ್ತನಾಳದ ಮೂಲಕ ಕೊಡುತ್ತಾರೆ, ಅಥವಾ ಚರ್ಮದ ರೋಗವಾದರೆ ಮುಲಾಮಿನಂತೆ ಹಚ್ಚುತ್ತಾರೆ. ಅನಂತರ ಕಾಯುತ್ತಾರೆ. ಫೋಟೊಫ್ರಿನ್ ಆದರೆ ಸುಮಾರು ಎರಡು ದಿನ. ಅಷ್ಟರಲ್ಲಿ ಮದ್ದು ಒಳ್ಳೆಯ ಭಾಗಗಳಿಂದ ಬಹುಮಟ್ಟಿಗೆ ಇಳಿದುಹೋಗಿ, ಕ್ಯಾನ್ಸರ್ ಗಂಟಿನಲ್ಲಿ ಹೆಚ್ಚಾಗಿ ಉಳಿದಿರುತ್ತದೆ. ಆಗ ಕೆಂಪು ಬೆಳಕನ್ನು ಆ ಭಾಗಕ್ಕೆ ಮಾತ್ರ ಬಿಡುತ್ತಾರೆ. ಗಂಟಲು ಅನ್ನನಾಳದಂತಹ ಒಳಭಾಗಗಳಿಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಮೂಲಕ ಬೆಳಕನ್ನು ಸಾಗಿಸುತ್ತಾರೆ. ಕಾಲುವೆ ತೋಡಿ ಬೇಕಾದ ಪಾತಿಗೆ ಮಾತ್ರ ನೀರು ಹಾಯಿಸಿದಂತೆ ಎನ್ನಿ. ಬೆಳಕು ಬಿದ್ದ ಕಡೆ ಆಮ್ಲಜನಕ ಕೆರಳಿ ಕ್ಯಾನ್ಸರಿನ ಕೋಶಗಳು ಸಾಯುತ್ತವೆ. ಗಂಟಿಗೆ ರಕ್ತ ಒದಗಿಸುವ ಸಣ್ಣ ನಾಳಗಳೂ ಮುಚ್ಚಿಕೊಳ್ಳುತ್ತವೆ.

ಫೋಟೊಫ್ರಿನ್‌ನಂತಹ ಮದ್ದನ್ನು ಪಡೆದವರು ಆಮೇಲೆ ಕನಿಷ್ಠ ೩೦ ದಿನ ಬಿಸಿಲಿಗೂ ಪ್ರಖರವಾದ ದೀಪಕ್ಕೂ ಮೈಯೊಡ್ಡಬಾರದು. ಕಾರಣ ನಿಮಗೆ ಈಗ ಗೊತ್ತಿದೆ. ಹಸುವನ್ನು ಕತ್ತಲಲ್ಲಿ ಕಟ್ಟಿದ್ದೂ ಅದಕ್ಕೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ದೂರ ಮಾಡಬೇಕು. ಒಂದು, ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುವ ಚಿಕಿತ್ಸೆ ಇದಲ್ಲ. ಅದು ಕ್ಷಕಿರಣದಂತಹ, ಕಣ್ಣಿಗೆ ಕಾಣದ, ದೇಹದ ಆಳಕ್ಕೆ ಹೋಗುವ ಕಿರಣಗಳ ಚಿಕಿತ್ಸೆ. ಬಾಯಿಯ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಚಿಕಿತ್ಸೆಗಳೆಂದರೆ ಶಸ್ತ್ರಚಿಕಿತ್ಸೆ ಮತ್ತು ಆ ಕಿರಣಗಳು. ಎರಡು, ಬರಿಯ ಬಿಸಿಲಿನಲ್ಲಿ ಕುಳಿತರೆ ಕ್ಯಾನ್ಸರ್ ಗುಣವಾಗುವುದಿಲ್ಲ. ಲಂಟಾನವನ್ನೋ ಮತ್ತಾವುದೋ ಸೊಪ್ಪನ್ನೋ ಅರೆದು ಕುಡಿದು ಬಿಸಿಲಿಗೆ ಕುಳಿತರೆ ಪಿತ್ತಜನಕಾಂಗ ಕೆಟ್ಟು ಪ್ರಾಣಕ್ಕೇ ಅಪಾಯ. ಬಣ್ಣದ ದೀಪ ತೋರಿಸಿ ಗುಣ ಮಾಡುತ್ತೇವೆಂದು ಸಂತೆಯಲ್ಲಿ ಹಣ ಕೇಳುವವರನ್ನೂ ನಂಬಬೇಡಿರಿ.

ಬೆಳಕಿನಿಂದ ರೋಗವನ್ನು ಕಾಣುವುದು

ಮೊಟ್ಟೆಯನ್ನು ದೀಪದ ಮುಂದೆ ಹಿಡಿದು ಒಳಗೆ ಮರಿ ಕಟ್ಟಿದೆಯೇ ಇಲ್ಲವೇ ಎಂದು ಕೋಳಿ ಸಾಕುವವರು ನೋಡುತ್ತಾರೆ. ಪೇಟೆಯ ಅಂಗಡಿಗಳಲ್ಲಿ ನೇರಳೆ ದೀಪದ ಕೆಳಗೆ ನೋಟನ್ನು ಹಿಡಿದಾಗ ಅದರಲ್ಲಿರುವ ಕೆಲವು ಎಳೆಗಳು ಹೊಳೆಯುವುದನ್ನೂ ನೀವು ನೋಡಿರಬಹುದು. ಸಾದಾ ಬೆಳಕಿನಲ್ಲಿ ಕಾಣದ್ದು ತಕ್ಕ ಬೆಳಕಿನಲ್ಲಿ ಕಾಣುತ್ತದೆ. ಕ್ಯಾನ್ಸರಿನ ಪತ್ತೆಗೂ ಇದೇ ಉಪಾಯ.

ಬಾಯಿಯ ಒಳಚರ್ಮದ ಮೇಲೆ ನೀಲಿ ಬೆಳಕನ್ನು ಬಿಟ್ಟು ತಕ್ಕ ಗಾಜಿನ ಮೂಲಕ ನೋಡಿದರೆ, ಆರೋಗ್ಯವಾದ ಭಾಗ ತೆಳು ಹಸಿರಾಗಿ ಹೊಳೆಯುತ್ತದೆ. ರೋಗ ಹಿಡಿಯುತ್ತಿರುವ ಭಾಗದಲ್ಲಿ ಈ ಹೊಳಪು ಕುಗ್ಗಿ ಕಪ್ಪಾಗಿ ಕಾಣುತ್ತದೆ. ಆದರೆ ಬರಿಯ ಉರಿಯೂತವಿದ್ದರೂ ಕಪ್ಪಾಗಿ ಕಾಣುವುದುಂಟು. ಆದುದರಿಂದ ಈ ಉಪಕರಣ ಸಂಶಯವನ್ನು ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪು ಸಿಗುವುದು ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ.

ಮಿದುಳಿನ ಕ್ಯಾನ್ಸರಿನಲ್ಲಿ ಮತ್ತೊಂದು ಕ್ರಮವಿದೆ. ಇದು ಬೇಸಾಯ ಬಲ್ಲವರಿಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. ಎಲೆಯ ಹಸಿರಿಗೂ ರಕ್ತದ ಕೆಂಪಿಗೂ ಮೂಲದಲ್ಲಿ ಒಂದೇ ಬಗೆಯ ಚೌಕಟ್ಟು. ಹಸಿರಿನ ನಡುವೆ ಮೆಗ್ನೀಷಿಯಂ ಇದೆ, ಕೆಂಪಿನ ನಡುವೆ ಕಬ್ಬಿಣವಿದೆ. ಮೆಗ್ನೀಷಿಯಂ ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಮನುಷ್ಯ ಬಿಳಿಚಿಕೊಳ್ಳುತ್ತಾನೆ. ಈ ಎರಡು ಬಣ್ಣಗಳನ್ನು ತಯಾರಿಸಲು ಗಿಡವೂ ಮನುಷ್ಯನೂ ಬಳಸುವ ಕಚ್ಚಾ ವಸ್ತು ಒಂದೇ: ಅಮಿನೊಲೆವುಲಿನಿಕ್ ಆಮ್ಲ. ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮೊದಲು ರೋಗಿಗೆ ಇದನ್ನು ಕುಡಿಯಲು ಕೊಡುತ್ತಾರೆ. ಆಗ ಕ್ಯಾನ್ಸರಿನ ಕೋಶಗಳಲ್ಲಿ, ಕೆಂಪು ಬಣ್ಣದ ತಯಾರಿಕೆ ಪೂರ್ತಿಯಾಗುವ ಮೊದಲಿನ ಹಂತದ ವಸ್ತು ಒಟ್ಟುಗೂಡುತ್ತದೆ. ನೀಲಿ ಬೆಳಕಿನಲ್ಲಿ ಆ ಭಾಗ ಕೆಂಪಾಗಿ ಹೊಳೆಯುತ್ತದೆ. ಎಲ್ಲಿಯವರೆಗೆ ಕತ್ತರಿಸಬೇಕೆಂಬುದು ವೈದ್ಯರಿಗೆ ಕಣ್ಣಿಗೆ ಕಾಣುತ್ತದೆ. ಕಳೆ ಕೀಳುವವನಿಗೆ ಕಳೆಯೆಲ್ಲ ಬೇರೆ ಬಣ್ಣದಲ್ಲಿ ಕಂಡರೆ ಎಷ್ಟು ಅನುಕೂಲ ಯೋಚಿಸಿರಿ! ಜರ್ಮನಿಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಬೆಳಕಿನ ಸಹಾಯ ಪಡೆದವರಲ್ಲಿ ನೂರಕ್ಕೆ ೬೫ ಮಂದಿಗೆ, ಪಡೆಯದವರಲ್ಲಿ ನೂರಕ್ಕೆ ೩೬ ಮಂದಿಗೆ, ಚಿತ್ರದಲ್ಲಿ ಕಾಣುವ ಗಂಟನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾಯಿತು.

ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ಉಪಾಯವೂ ಇದೆ. ಒಂದು ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ, ಆ ಬದಲಾವಣೆಯಿಂದ ವಸ್ತು ಯಾವುದೆಂದು ಹೇಳಬಹುದು ಎಂಬುದು ಸರ್ ಸಿ. ವಿ. ರಾಮನ್ ಅವರ ಶೋಧನೆಯಿಂದ ತಿಳಿಯಿತು. ಅದನ್ನು ಅವರು ೧೯೨೮ರ ಮಾರ್ಚ್ ೧೬ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ್ದರು. ಈ ರಾಮನ್ ಪರಿಣಾಮದಿಂದ ಬಾಯಿಯ ಒಳ್ಳೆಯ ಚರ್ಮವನ್ನೂ ಕ್ಯಾನ್ಸರ್ ತಗಲಿದ ಚರ್ಮವನ್ನೂ ಬೇರ್ಪಡಿಸಿ ಗುರುತಿಸಬಹುದೆಂದು ಮಣಿಪಾಲದ ವಿಜ್ಞಾನಿಗಳು ೨೦೦೬ರಲ್ಲಿ ವರದಿ ಮಾಡಿದರು. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಬೆಳಕು ಎಷ್ಟು ಆಳಕ್ಕೆ ಹೋಗುತ್ತದೆ?

ಇದು ಈ ಲೇಖನದ ಮುಖ್ಯ ಪ್ರಶ್ನೆ. ಉತ್ತರವನ್ನು ಈ ರಾತ್ರಿಯೇ ನೀವು ಮನೆಯಲ್ಲಿ ಪರೀಕ್ಷಿಸಬಹುದು. ಕತ್ತಲಲ್ಲಿ ಟಾರ್ಚನ್ನು ಹೊತ್ತಿಸಿ ಬೆರಳುಗಳಿಂದ ಮುಚ್ಚಿರಿ. ಬೆರಳು ಕೆಂಪಾಗಿ ಹೊಳೆಯುತ್ತದೆ. ರಕ್ತವು ಬೇರೆ ಬಣ್ಣದ ಬೆಳಕನ್ನೆಲ್ಲ ನುಂಗಿ ಕೆಂಪನ್ನು ಸ್ವಲ್ಪ ಮಟ್ಟಿಗೆ ದಾಟಲು ಬಿಡುತ್ತದೆ. ವೈದ್ಯರು ಕೆಂಪು ಬೆಳಕನ್ನೇ ಆರಿಸಿಕೊಂಡಿರುವುದು ಇದಕ್ಕೇ. ಅದೇ ಟಾರ್ಚನ್ನು ತೊಡೆಯ ಹಿಂದೆ ಹಿಡಿಯಿರಿ. ಈ ಕಡೆಗೆ ಏನೂ ಕಾಣುವುದಿಲ್ಲ.

ಬೆಳಕಿನ ಮದ್ದಿನ ಚಿಕಿತ್ಸೆಯಲ್ಲಿಯೂ ಹೀಗೆಯೇ. ಕೋಶಗಳನ್ನು ಕೊಲ್ಲುವಷ್ಟು ಬೆಳಕು ಮೇಲ್ಭಾಗದಿಂದ ಅರ್ಧ ಸೆಂಟಿಮೀಟರು, ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಮಾತ್ರ ತಲುಪುತ್ತದೆ. ಅದಕ್ಕಿಂತ ದಪ್ಪವಾಗಿ ಬೆಳೆದ ಗಂಟಿಗೂ, ದೇಹದಲ್ಲೆಲ್ಲ ಹರಡಿದ ರೋಗಕ್ಕೂ ಇದು ಬೇರುಸಹಿತ ಕೀಳುವ ಮದ್ದಲ್ಲ. ವಿಜ್ಞಾನಿಗಳು ಈ ಮಿತಿಯನ್ನು ಮೀರಲು ಪ್ರಯತ್ನಿಸುತ್ತಿದ್ದಾರೆ. ಯುರೋಪಿನಲ್ಲಿ ೨೦೦೧ರಲ್ಲಿ ತಲೆ ಕುತ್ತಿಗೆಯ ಭಾಗದ ಬಲಿತ ಕ್ಯಾನ್ಸರಿನ ಬಾಧೆ ತಗ್ಗಿಸಲು ಟೆಮೊಪೋರ್ಫಿನ್ ಎಂಬ ಮದ್ದಿಗೆ ಒಪ್ಪಿಗೆ ದೊರೆಯಿತು. ೨೦೨೦ರಲ್ಲಿ ಜಪಾನ್ ದೇಶವು, ಕ್ಯಾನ್ಸರಿನ ಕೋಶವನ್ನೇ ಹುಡುಕಿ ಅಂಟಿಕೊಳ್ಳುವ ಬೆಳಕಿನ ಮದ್ದೊಂದಕ್ಕೆ, ಕತ್ತರಿಸಿ ತೆಗೆಯಲಾಗದ ತಲೆ ಕುತ್ತಿಗೆಯ ಕ್ಯಾನ್ಸರಿಗಾಗಿ ಒಪ್ಪಿಗೆ ಕೊಟ್ಟಿತು. ಆದರೂ ಇಂಥ ಚಿಕಿತ್ಸೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗುವಂಥದಲ್ಲ.

ಹಾಗಾದರೆ ಬೆಳಕು ನಮಗೆ ಕಲಿಸುವ ಪಾಠವೇನು? ರೋಗವು ಬೆಳಕು ಮುಟ್ಟುವಷ್ಟು ತೆಳ್ಳಗಿರುವಾಗಲೇ ಅದನ್ನು ಹಿಡಿಯಬೇಕು ಎಂಬುದು. ಚಿಕಿತ್ಸೆ ಬೆಳಕಿನದೇ ಆಗಲಿ, ಕತ್ತಿಯದೇ ಆಗಲಿ, ಕಿರಣದ್ದೇ ಆಗಲಿ, ಈ ಮಾತು ಮೂರಕ್ಕೂ ಸಲ್ಲುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಕೇಳಿಲ್ಲವೇ?

ನನ್ನ ಮನೆಯ ಮಾತು

ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ದೊಡ್ಡಪ್ಪನವರಿಗೆ ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸವಿತ್ತು. ಉಳುವಾಗಲೂ ಎಡಗೆನ್ನೆಯಲ್ಲಿ ಒಂದು ಉಂಡೆ ಇದ್ದೇ ಇರುತ್ತಿತ್ತು. ಆ ಜಾಗದಲ್ಲಿ ಒಂದು ಬಿಳಿಯ ಮಚ್ಚೆ ಎದ್ದಿತ್ತು. ಖಾರ ತಿಂದರೆ ಉರಿಯುತ್ತದೆ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ದೊಡ್ಡಮ್ಮ ಬೆಣ್ಣೆ ಹಚ್ಚುತ್ತಿದ್ದರು. ನೋವಿಲ್ಲವಲ್ಲ ಎಂದು ಎಲ್ಲರೂ ಸುಮ್ಮನಿದ್ದೆವು.

ಆಗ ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದೆ. ರಜೆಗೆ ಬಂದಾಗ ರಾಗಿಯ ಗರಿಯ ಮೇಲಿನ ಬೆಂಕಿ ರೋಗದ ಮಚ್ಚೆಯನ್ನು ಬದುವಿನಲ್ಲಿ ನಿಂತೇ ತೋರಿಸಿ, "ಈಗಲೇ ಔಷಧಿ ಹೊಡೆಯಬೇಕು ದೊಡ್ಡಪ್ಪ, ತೆನೆಗೆ ಹತ್ತಿದ ಮೇಲೆ ಪ್ರಯೋಜನವಿಲ್ಲ" ಎಂದು ಜಂಬದಿಂದ ಹೇಳುತ್ತಿದ್ದೆ. ಅವರು ನನ್ನ ಮಾತು ಕೇಳಿ ಹೊಡೆಸಿದರು, ಬೆಳೆ ಉಳಿಯಿತು. ಅವರ ಕೆನ್ನೆಯೊಳಗಿನ ಮಚ್ಚೆಯನ್ನು ಒಂದು ದಿನವೂ ಬಾಯಿ ತೆಗೆಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರೋಗ ದವಡೆಯ ಮೂಳೆಗೆ ಇಳಿದಿತ್ತು. ಅರ್ಧ ದವಡೆಯನ್ನು ತೆಗೆದರು, ಕಿರಣಗಳನ್ನೂ ಕೊಟ್ಟರು. ದೊಡ್ಡಪ್ಪ ಬದುಕಿದ್ದಾರೆ. ಮುದ್ದೆ ನುಂಗಲಾರರು, ಗಂಜಿ ಕುಡಿಯುತ್ತಾರೆ. ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಬರಿಯ ಕಣ್ಣು, ಬರಿಯ ಬೆಳಕು

ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯದು ಒಂದು. ಹೆಂಗಸರನ್ನೂ ಅದು ಬಿಟ್ಟಿಲ್ಲ. ಆದರೆ ಬಾಯಿ ಎಂಬುದು ಹೊಟ್ಟೆಯಂತೆ ಮುಚ್ಚಿದ ಜಾಗವಲ್ಲ. ತೆರೆದರೆ ಬೆಳಕು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ನೀಲಿ ದೀಪವೂ ಬೇಡ, ಬೆಳಕಿನ ಮದ್ದೂ ಬೇಡ, ಹಗಲ ಬೆಳಕೋ ಟಾರ್ಚೋ ಇದ್ದರೆ ಮೊದಲ ಹೆಜ್ಜೆಗೆ ಸಾಕು.

ಇದು ನನ್ನ ಊಹೆಯಲ್ಲ. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೧೩ ಪಂಚಾಯತಿಗಳ ಜನರ ಮೇಲೆ ೧೯೯೬ರಿಂದ ದೊಡ್ಡ ಪ್ರಯೋಗವೊಂದು ನಡೆಯಿತು. ೭ ಪಂಚಾಯತಿಗಳಲ್ಲಿ ೩೫ ವರ್ಷ ದಾಟಿದವರ ಮನೆಗಳಿಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿ, ಸಂಶಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಮೂರು ವರ್ಷಕ್ಕೊಮ್ಮೆ ಹೀಗೆ ಮಾಡಿದರು. ಉಳಿದ ೬ ಪಂಚಾಯತಿಗಳಲ್ಲಿ ಎಂದಿನ ವ್ಯವಸ್ಥೆಯನ್ನೇ ಬಿಟ್ಟರು. ನಾವು ಪ್ರಾತ್ಯಕ್ಷಿಕೆಯ ತಾಕನ್ನೂ ಪಕ್ಕದ ಸಾಧಾರಣ ತಾಕನ್ನೂ ಹೋಲಿಸುವುದಿಲ್ಲವೇ, ಹಾಗೆ. ೨೦೦೫ರಲ್ಲಿ ಫಲಿತಾಂಶ ಹೊರಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಪರೀಕ್ಷೆ ನಡೆದ ಕಡೆ ನೂರಕ್ಕೆ ೩೪ರಷ್ಟು ಕಡಿಮೆಯಾಗಿತ್ತು. ಆ ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಎಂಬುದನ್ನು ಗಮನಿಸಿರಿ.

ಬಾಯಿಯನ್ನು ನೋಡುವ ಕ್ರಮ

ತಿಂಗಳಿಗೊಮ್ಮೆ, ಬೆಳಿಗ್ಗೆ ಬಾಯಿ ಮುಕ್ಕಳಿಸಿ ಕೈ ತೊಳೆದು, ಬೆಳಕಿಗೆ ಮುಖಮಾಡಿ ಜಗಲಿಯಲ್ಲಿ ಕುಳಿತುಕೊಳ್ಳಿರಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿರಿ. ಕನ್ನಡಿಯಲ್ಲಿ ನೀವೇ ನೋಡಿಕೊಳ್ಳಬಹುದು. ಮನೆಯವರೊಬ್ಬರು ಟಾರ್ಚು ಹಿಡಿದು ನೋಡಿದರೆ ಇನ್ನೂ ಒಳ್ಳೆಯದು.

೧. ತುಟಿಗಳನ್ನು ಮಗುಚಿ ಒಳಭಾಗವನ್ನೂ ವಸಡುಗಳನ್ನೂ ನೋಡಿರಿ.

೨. ಕೆನ್ನೆಯನ್ನು ಬೆರಳಿನಿಂದ ಇಲ್ಲವೆ ಚಮಚದ ಹಿಡಿಯಿಂದ ಎಳೆದು ಒಳಭಾಗವನ್ನು ನೋಡಿರಿ. ಹೊಗೆಸೊಪ್ಪಿನ ಉಂಡೆ ಇಡುವ ಜಾಗವನ್ನು ಎರಡು ಸಲ ನೋಡಿರಿ.

೩. ನಾಲಿಗೆಯ ಮೇಲೆ, ಎರಡು ಅಂಚುಗಳು, ಕೆಳಭಾಗ, ಅದರಡಿಯ ಬಾಯಿಯ ತಳ ಮತ್ತು ಅಂಗುಳನ್ನು ನೋಡಿರಿ.

೪. ಬೆರಳಿನಿಂದ ತಡವಿ ಗಟ್ಟಿಯಾದ ಗಂಟಿದೆಯೇ ನೋಡಿರಿ. ಕುತ್ತಿಗೆಯ ಎರಡು ಪಕ್ಕಗಳನ್ನೂ ಹಾಗೆಯೇ ತಡವಿರಿ.

೫. ನಿಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಬಾಯಿ ತೆರೆಯುತ್ತದೆಯೇ ಪರೀಕ್ಷಿಸಿರಿ. ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಳ್ಳುವ ರೋಗವಿದ್ದರೆ ಬಾಯಿ ಅಷ್ಟು ತೆರೆಯುವುದಿಲ್ಲ.

ಒರಸಿದರೆ ಹೋಗದ ಬಿಳಿಯ ಮಚ್ಚೆ, ಮಕಮಲ್ಲಿನಂತಹ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ನುಂಗಲು ತೊಂದರೆ, ಇವುಗಳಲ್ಲಿ ಯಾವುದನ್ನು ಕಂಡರೂ ತಡ ಮಾಡಬೇಡಿರಿ. ಕೆಂಪು ಮಚ್ಚೆಯಲ್ಲಿ ಬಿಳಿಯದಕ್ಕಿಂತ ಹೆಚ್ಚು ಅಪಾಯವಿದೆ. ಮೊದಮೊದಲು ನೋವಿರುವುದಿಲ್ಲ. ನೋವಿಲ್ಲವೆಂಬುದೇ ಈ ರೋಗದ ಮೋಸ.

ಕಂಡ ಮೇಲೆ ಏನು ಮಾಡಬೇಕು?

ಹೆದರಬೇಡಿರಿ. ಮಚ್ಚೆಗಳೆಲ್ಲ ಕ್ಯಾನ್ಸರಲ್ಲ. ಹೊಗೆಸೊಪ್ಪು ಅಡಿಕೆ ಬಿಟ್ಟ ಮೇಲೆ ಎಷ್ಟೋ ಮಚ್ಚೆಗಳು ತಾವಾಗಿ ಇಳಿಯುತ್ತವೆ. ಆದರೆ ಯಾವುದು ಏನೆಂದು ಹೇಳಬೇಕಾದವರು ವೈದ್ಯರು. ಆಶಾ ಕಾರ್ಯಕರ್ತೆಯರಿಗೆ ತಿಳಿಸಿರಿ, ಅಥವಾ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ೩೦ ವರ್ಷ ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವು ೨೦೧೬ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಅಲ್ಲಿಂದ ಮುಂದಕ್ಕೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ ೧೯೭೩ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಖರ್ಚಿಗೆ ಹೆದರಿ ಮನೆಯಲ್ಲಿ ಕೂರುವುದಕ್ಕೆ ಮೊದಲು, ಸರ್ಕಾರದ ಆರೋಗ್ಯ ಯೋಜನೆಯಲ್ಲಿ ನಿಮ್ಮ ಕುಟುಂಬಕ್ಕೆ ಏನು ಸಿಗುತ್ತದೆಂದು ವಿಚಾರಿಸಿರಿ.

ಚೂರು ತೆಗೆದು ಪರೀಕ್ಷಿಸಿದರೆ ರೋಗ ಕೆರಳಿ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಬಹಳವಾಗಿದೆ. ಅದು ಸರಿಯಲ್ಲ. ಆ ಹೆದರಿಕೆಯಿಂದ ಕಳೆದ ತಿಂಗಳುಗಳಲ್ಲಿಯೇ ರೋಗ ಹರಡುವುದು.

ಬೆಳೆಯುವವರಿಗೆ ಒಂದು ಮಾತು

ಈ ಪತ್ರಿಕೆ ಓದುವವರಲ್ಲಿ ಅಡಿಕೆ ತೋಟವಿರುವವರಿದ್ದಾರೆ, ಹೊಗೆಸೊಪ್ಪು ಬೆಳೆಯುವವರೂ ಇದ್ದಾರೆ. ಬೆಳೆಯ ಹಣದಿಂದಲೇ ಮಕ್ಕಳನ್ನು ಓದಿಸಿದ್ದೀರಿ, ಅದು ನನಗೆ ಗೊತ್ತು. ಆದರೆ ಗೊತ್ತಿರುವುದನ್ನು ಮುಚ್ಚಿಡುವುದು ಗ್ರಾಮಸೇವಕನ ಧರ್ಮವಲ್ಲ. ಹೊಗೆಸೊಪ್ಪು ಕ್ಯಾನ್ಸರಿಗೆ ಕಾರಣವೆಂಬುದು ಬಹಳ ಹಿಂದೆಯೇ ಸಿದ್ಧವಾಗಿದೆ. ಹೊಗೆಸೊಪ್ಪು ಸೇರಿಸದ ಎಲೆ ಅಡಿಕೆ, ಬರಿಯ ಅಡಿಕೆ ಕೂಡ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರ ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿದ್ದೂ ಜನರ ಆರೋಗ್ಯದ ದೃಷ್ಟಿಯಿಂದಲೇ. ತೋಟದ ಮಾತು ಇನ್ನೊಂದು ದಿನಕ್ಕಿರಲಿ. ಜಗಿಯುವುದನ್ನು ಬಿಡುವುದಕ್ಕೆ ಯಾವ ಬೆಳೆಯನ್ನೂ ಬದಲಿಸಬೇಕಾಗಿಲ್ಲ. ಇಂದೇ ಬಿಡಬಹುದು.

ಕಡೆಯ ಮಾತು

ಯುವಕ ಮಂಡಲದವರೂ ಸ್ವಸಹಾಯ ಸಂಘದ ತಾಯಂದಿರೂ ಒಂದು ಕೆಲಸ ಮಾಡಬಹುದು. ಬರುವ ತಿಂಗಳು ಒಂದು ಬೆಳಿಗ್ಗೆ ಊರಿನ ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿರಿ. ಆರೋಗ್ಯ ಕೇಂದ್ರದವರನ್ನು ಕರೆತರುವ ಹೊಣೆ ನನ್ನದು. ಕುರ್ಚಿ, ಟಾರ್ಚು, ಹೆಸರು ಬರೆದುಕೊಳ್ಳಲು ಒಂದು ಪುಸ್ತಕ, ಇಷ್ಟಿದ್ದರೆ ಸಾಕು. ಜಗಿಯುವ ಅಭ್ಯಾಸವಿರುವ ಹಿರಿಯರು ಮುಂದೆ ಬಂದು ಮೊದಲು ಬಾಯಿ ತೆರೆದರೆ ಉಳಿದವರ ನಾಚಿಕೆ ತಾನಾಗಿ ಹೋಗುತ್ತದೆ.

ಆ ಹಸುವಿನ ಮೈ ಈಗ ಮಾದಿದೆ, ಕರುವೂ ಹಾಕಿದೆ. ಚರ್ಮ ಸಿಪ್ಪೆ ಎದ್ದ ದಿನವೇ ಅದರ ಯಜಮಾನರು ಪಶುವೈದ್ಯರಿಗೆ ಹೇಳಿ ಕಳುಹಿಸಿದ್ದರು. ಹಸುವಿಗೆ ತೋರಿಸಿದ ಆ ಎಚ್ಚರವನ್ನು ನಮ್ಮ ನಮ್ಮ ಬಾಯಿಗೂ ತೋರಿಸೋಣ. ಈ ಹಾಳೆಯನ್ನು ಓದಿ ಮುಗಿಸಿದವರು ಟಾರ್ಚು ತೆಗೆದುಕೊಂಡು ಮನೆಯ ಹಿರಿಯರ ಬಳಿಗೆ ಹೋಗಿ, "ಒಂದು ಸಲ ಬಾಯಿ ತೆಗೆಯಿರಿ, ನೋಡೋಣ" ಎಂದು ಕೇಳಬೇಕೆಂದು ನನ್ನ ಪ್ರಾರ್ಥನೆ.